ಕೇಕ್ ತಿನ್ನಿ, ಮಧ್ಯಾಹ್ನದ ಊಟ ಬಿಡಬೇಡಿ

ಪ್ರಶ್ನೆ: ನನಗೆ 34 ವರ್ಷ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಊಟ, ತಿಂಡಿ ಸರಿಮಾಡಿಕೊಂಡು, ದಿನಾ ವಾಕಿಂಗ್ ಮಾಡಿ ಮೂರು ತಿಂಗಳಲ್ಲಿ 4 ಕೆ.ಜಿ. ಇಳಿದಿದ್ದೇನೆ. ಆದರೆ ನಮ್ಮ ಟೀಮಿನಲ್ಲಿ ನಲವತ್ತಕ್ಕೂ ಹೆಚ್ಚು ಜನ. ಹೆಚ್ಚುಕಡಿಮೆ ವಾರಕ್ಕೊಂದು ಬರ್ತ್‌ಡೇ. ಸಂಜೆ ನಾಲ್ಕು ಗಂಟೆಗೆ ಕೇಕ್, ಎಗ್ ಪಫ್ಸ್, ಚಿಪ್ಸ್, ಕೂಲ್‌ಡ್ರಿಂಕ್. ಬೇಡ ಅಂದರೆ ‘ಒಂದು ಪೀಸ್ ತಿಂದ್ರೆ ಏನೂ ಆಗಲ್ಲ, ತಗೊಳ್ಳಿ’ ಅಂತಾರೆ. ಅವತ್ತು ಮಧ್ಯಾಹ್ನದ ಊಟ ಬಿಟ್ಟು ಸರಿದೂಗಿಸಲು ನೋಡುತ್ತೇನೆ. ಆದರೂ ಮರುದಿನ ಬೆಳಿಗ್ಗೆ ತೂಕ 800 ಗ್ರಾಂ ಏರಿರುತ್ತದೆ. ಆ ಬೇಜಾರಿಗೆ ಇಡೀ ದಿನ ಸಿಕ್ಕಿದ್ದೆಲ್ಲ ತಿಂದುಬಿಡುತ್ತೇನೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ 800 ಗ್ರಾಂ ವಿಷಯ ಮುಗಿಸೋಣ. ಅದು ಕೊಬ್ಬಲ್ಲ. ಮೈಯಲ್ಲಿ ಒಂದು ಕಿಲೋ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ಹೊಟ್ಟೆಗೆ ಹೋಗಬೇಕು. 800 ಗ್ರಾಂಗೆ ಆರು ಸಾವಿರಕ್ಕೂ ಮೇಲೆ. ಒಂದು ಸಂಜೆಯ ಕೇಕು, ಪಫ್ಸಿನಲ್ಲಿ ಅಷ್ಟಿಲ್ಲ. ಮೈದಾ ಮತ್ತು ಸಕ್ಕರೆಯಿಂದ ಬಂದ ಗ್ಲೂಕೋಸನ್ನು ದೇಹ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಹಾಗೆ ಕೂಡಿಟ್ಟ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ನಿಲ್ಲುತ್ತದೆ. ಚಿಪ್ಸ್, ಪಫ್ಸಿನ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಎರಡು ಮೂರು ದಿನ ಎಂದಿನಂತೆ ಊಟ ಮಾಡಿಕೊಂಡಿದ್ದರೆ ಅದು ತಾನಾಗಿ ಹೋಗುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿ ತೂಕ ಏರುವುದಕ್ಕೂ ಹೆಚ್ಚಾಗಿ ಇಂಥದೇ ಕಾರಣ. ಆದ್ದರಿಂದ ಬರ್ತ್‌ಡೇ ಮಾರನೆಯ ದಿನ ತೂಕದ ಯಂತ್ರ ಹತ್ತಲೇಬೇಡಿ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ನೋಡಿ. ನಾಲ್ಕು ವಾರದ ಅಂಕಿಗಳನ್ನು ಪಕ್ಕಪಕ್ಕ ಬರೆದಿಟ್ಟರೆ ನಿಜ ಸ್ಥಿತಿ ತಿಳಿಯುತ್ತದೆ.

ಇನ್ನು ನಿಮ್ಮದೇ ಲೆಕ್ಕ ನೋಡೋಣ. ಮೂರು ತಿಂಗಳಲ್ಲಿ 4 ಕೆ.ಜಿ. ಇಳಿದಿದ್ದೀರಿ ಅಂದರೆ ದಿನಕ್ಕೆ ಸರಾಸರಿ 340 ಕ್ಯಾಲೊರಿ ಉಳಿಸಿದ್ದೀರಿ. ಇದು ಚೆನ್ನಾಗಿ ಸಾಗುತ್ತಿರುವ ಪ್ರಯತ್ನ. ಈಗ ಆಫೀಸಿನ ಪೇಪರ್ ತಟ್ಟೆಗೆ ಬನ್ನಿ. ಅರವತ್ತು ಗ್ರಾಂ ತೂಗುವ ಕ್ರೀಮ್ ಕೇಕ್ ತುಂಡಿನಲ್ಲಿ ಸುಮಾರು 200 ಕ್ಯಾಲೊರಿ. ಎಗ್ ಪಫ್ಸ್ ಒಂದಕ್ಕೆ 250ರಿಂದ 300, ಯಾಕೆಂದರೆ ಪದರ ಪದರವಾಗಿ ಉದುರುವ ಆ ಹೊರಕವಚದಲ್ಲಿ ಮೈದಾದ ಪ್ರತಿ ಪದರದ ನಡುವೆ ಕೊಬ್ಬು ಸವರಿರುತ್ತಾರೆ. ಒಂದು ಹಿಡಿ ಚಿಪ್ಸ್‌ಗೆ ನೂರರ ಮೇಲೆ. 200 ಎಂ.ಎಲ್. ಕೋಲಾಗೆ 80ಕ್ಕೂ ಹೆಚ್ಚು, ಅದೂ ಬರೀ ಸಕ್ಕರೆ, 20 ಗ್ರಾಂಗಿಂತ ಜಾಸ್ತಿ. ದಿನಕ್ಕೆ ಸುಮಾರು 25 ಗ್ರಾಂ ಸಕ್ಕರೆಗೆ ನಿಲ್ಲಿಸಿದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಲೋಟ ಕೋಲಾದಲ್ಲೇ ಅದು ಬಹುತೇಕ ಮುಗಿಯಿತು.

ಎಲ್ಲ ಸೇರಿ 650ರ ಆಸುಪಾಸು. ನಿಮ್ಮ ಸುಮಾರು ಎರಡು ದಿನದ ಉಳಿತಾಯ. ಕೇಕ್ ಮಾತ್ರ ತಿಂದರೆ ಅರ್ಧ ದಿನದ್ದಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ವಾರಕ್ಕೊಂದು ಸಲ ಇಡೀ ತಟ್ಟೆ ಖಾಲಿ ಮಾಡಿದರೂ ಉಳಿದ ದಿನಗಳ ಫಲ ನಿಮ್ಮ ಕೈಯಲ್ಲೇ ಇರುತ್ತದೆ; ಇಳಿಯುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿರುವುದು ಆ ಅರ್ಧ ಗಂಟೆಯ ಪಾರ್ಟಿಯಲ್ಲ. ಅದಕ್ಕೆ ಮುಂಚಿನ ಉಪವಾಸ, ಆಮೇಲಿನ ಬೇಜಾರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ತೂಕ ಇಳಿಸಲು ಬರುವ ಬಹಳಷ್ಟು ಜನ ಕೇಕಿಗೆ ಹೆದರುತ್ತಾರೆ, ಊಟ ಬಿಡಲು ಮಾತ್ರ ಹೆದರುವುದಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಎರಡು ಇಡ್ಲಿ ತಿಂದು, ಮಧ್ಯಾಹ್ನ ಏನೂ ತಿನ್ನದೆ, ನಾಲ್ಕು ಗಂಟೆಗೆ ಬಿಸಿ ಪಫ್ಸಿನ ವಾಸನೆ ಬಂದರೆ ಯಾರಿಗೇ ಆಗಲಿ ಕೈ ತಡೆಯುವುದು ಕಷ್ಟ. ಅದು ಮನಸ್ಸಿನ ದೌರ್ಬಲ್ಯವಲ್ಲ, ಹಸಿವು. ಬರ್ತ್‌ಡೇ ಇರುವ ದಿನ ಮಧ್ಯಾಹ್ನದ ಊಟ ಉಳಿದ ದಿನಕ್ಕಿಂತ ಗಟ್ಟಿಯಾಗಿರಲಿ. ಒಂದು ಚಪಾತಿ ಅಥವಾ ಸಣ್ಣ ಮುದ್ದೆ, ಹುರುಳಿಕಾಳೋ ಹೆಸರುಕಾಳೋ ಹಾಕಿದ ಸಾರು, ಒಂದು ಬಟ್ಟಲು ಪಲ್ಯ, ಮೊಟ್ಟೆ ತಿನ್ನುವವರಾದರೆ ಒಂದು ಬೇಯಿಸಿದ ಮೊಟ್ಟೆ, ಕೊನೆಗೆ ಮಜ್ಜಿಗೆ. ಕಾಳು, ಮೊಟ್ಟೆ, ಮೊಸರಿನ ಪ್ರೋಟೀನ್ ಹೊಟ್ಟೆಯನ್ನು ಸಂಜೆಯವರೆಗೆ ಹಿಡಿದಿಡುತ್ತದೆ. ಹೊಟ್ಟೆ ತುಂಬಿದವರಿಗೆ ಕೇಕ್ ಒಂದು ತುಂಡಿಗೇ ಸಾಕೆನಿಸುತ್ತದೆ.

ತಟ್ಟೆಯಲ್ಲಿ ಏನಿರಲಿ ಎಂದು ಕೇಳಿದರೆ, ನನ್ನ ಆಯ್ಕೆ ಕೇಕು. ಹುಟ್ಟುಹಬ್ಬ ಅಂದರೆ ಅದು. ಪಫ್ಸು, ಚಿಪ್ಸು, ಕೂಲ್‌ಡ್ರಿಂಕು ಪಕ್ಕವಾದ್ಯ; ನೀವು ಮುಟ್ಟದಿದ್ದರೆ ಯಾರೂ ಗಮನಿಸುವುದಿಲ್ಲ. ಕೇಕಿನಲ್ಲೂ ಯಾವ ತುಂಡು ಎಂಬುದು ಮುಖ್ಯ. ಮೂಲೆಯ ತುಂಡಿಗೆ ಮೇಲೂ ಕ್ರೀಮ್, ಎರಡು ಬದಿಗೂ ಕ್ರೀಮ್, ಅದರ ಮೇಲೊಂದು ಗುಲಾಬಿ ಹೂವು. ನಡುವಿನ ತುಂಡಿಗೆ ಮೇಲೊಂದು ಪದರ, ಒಳಗೊಂದು ಪದರ, ಅಷ್ಟೇ. ಎಷ್ಟೋ ಬೇಕರಿಗಳಲ್ಲಿ ಆ ಹೂವು ಹಾಲಿನ ಕೆನೆಯದಲ್ಲ, ತಾಳೆಬೀಜದ ಎಣ್ಣೆಯಂಥ ಸಸ್ಯಕೊಬ್ಬಿಗೆ ಸಕ್ಕರೆ ಹಾಕಿ ನೊರೆ ಬರಿಸಿದ್ದು. ಅದನ್ನು ಬದಿಗಿಟ್ಟರೆ ರುಚಿಯಲ್ಲಿ ಕಳೆದುಕೊಳ್ಳುವುದು ಕಡಿಮೆ. ಅಯ್ಯಂಗಾರ್ ಬೇಕರಿಯ ಹನಿ ಕೇಕ್ ತಂದಿದ್ದರೆ ಕ್ರೀಮಿನ ಚಿಂತೆಯಿಲ್ಲ, ಆದರೆ ಪಾಕವನ್ನೂ ಜಾಮನ್ನೂ ಚೆನ್ನಾಗಿ ಕುಡಿದಿರುತ್ತದೆ. ಅರ್ಧ ತುಂಡು ಕೇಳಿ. ಎಗ್‌ಲೆಸ್ ಕೇಕು, ಬೆಲ್ಲದ ಕೇಕು, ರಾಗಿ ಕೇಕು ಹಗುರ ಎಂದು ಎರಡು ತುಂಡು ತಿನ್ನಬೇಡಿ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ರಾಗಿ ಕೇಕಿಗೂ ಬೆಣ್ಣೆಯೋ ಎಣ್ಣೆಯೋ ಬೀಳಲೇಬೇಕು.

ಜನರ ಒತ್ತಾಯದ ವಿಷಯ. ನಮ್ಮಲ್ಲಿ ತಿನ್ನಿಸುವುದೇ ಪ್ರೀತಿ. ಪೂರ್ತಿ ಬೇಡ ಅಂದರೆ ಅವರ ಸಂತೋಷಕ್ಕೆ ಸೇರಲಿಲ್ಲ ಎಂಬಂತೆ ಕೇಳಿಸುತ್ತದೆ, ಅದಕ್ಕೇ ಇನ್ನಷ್ಟು ಒತ್ತಾಯ. ಬರ್ತ್‌ಡೇಯವರು ಕೈಯಾರೆ ಬಾಯಿಗಿಡುವ ತುತ್ತನ್ನು ಸಂತೋಷವಾಗಿ ತಿನ್ನಿ. ತಟ್ಟೆ ಕೈಗೆ ಬಂದ ಮೇಲೆ ವಾಪಸ್ ಕೊಡುವುದು ಕಷ್ಟ, ಹಾಗಾಗಿ ಚಾಕು ಹಿಡಿದವರ ಬಳಿಯೇ ‘ನಂಗೆ ನಡುವಿನದು, ತೆಳ್ಳಗೆ ಕೊಡಿ’ ಅನ್ನಿ. ಇನ್ನೂ ಒಳ್ಳೆಯದು, ಕೇಕ್ ಕತ್ತರಿಸಿ ಹಂಚುವ ಕೆಲಸ ನೀವೇ ವಹಿಸಿಕೊಳ್ಳಿ. ‘ಡಯಟ್‌ನಲ್ಲಿದ್ದೀನಿ’ ಅನ್ನಬೇಡಿ, ಚರ್ಚೆ ಶುರುವಾಗುತ್ತದೆ. ‘ತಗೊಂಡೆ, ಚೆನ್ನಾಗಿತ್ತು, ಸಾಕು’ ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಆಮೇಲೆ ತಿಂತೀನಿ’ ಎಂದು ಮೇಜಿನ ಮೇಲೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಕಂಪ್ಯೂಟರ್ ನೋಡುತ್ತಾ ತಿಂದದ್ದು ಎಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ. ಮಿಕ್ಕ ಕೇಕಿನ ಡಬ್ಬಿ ನಿಮ್ಮ ಮನೆಗೂ ಬರಬಾರದು. ಸೆಕ್ಯುರಿಟಿಯವರಿಗೆ, ಹೌಸ್‌ಕೀಪಿಂಗ್ ಅಕ್ಕಂದಿರಿಗೆ ಪಾಲು ಮೊದಲೇ ತೆಗೆದಿಡಿ. ಮಿಕ್ಕಿದ ಮೇಲೆ ಕೊಡುವುದಕ್ಕಿಂತ ಅದೇ ಸರಿಯಾದ ಕ್ರಮ.

ಟೀಮಿನಲ್ಲಿ ಸಲುಗೆಯಿದ್ದರೆ ಇನ್ನೊಂದು ಮಾತು ಎತ್ತಿ. ಚಂದಾ ಎತ್ತಿ ವಾರಕ್ಕೊಂದು ಕೇಕ್ ತರಿಸುವ ಬದಲು, ಆ ತಿಂಗಳಲ್ಲಿ ಹುಟ್ಟಿದವರಿಗೆಲ್ಲ ಸೇರಿಸಿ ಒಂದೇ ದಿನ ಆಚರಿಸಬಹುದು. ನಿಮ್ಮಂತೆಯೇ ಬಾಯಿಬಿಟ್ಟು ಹೇಳಲಾರದವರು, ಶುಗರ್ ಇರುವವರು ಇನ್ನೂ ಕೆಲವರಿರುತ್ತಾರೆ.

ರಾತ್ರಿ ಉಪವಾಸ ಬೇಡ. ಹಸಿವಿದ್ದಷ್ಟು ಉಣ್ಣಿ, ಅನ್ನ ಸಹಜವಾಗಿಯೇ ಕಡಿಮೆ ಸೇರುತ್ತದೆ. ಕೇಕ್ ‘ಕರಗಿಸಲು’ ಮರುದಿನ ಓಡುವ ಅಗತ್ಯವೂ ಇಲ್ಲ. ಎಂದಿನ ವಾಕಿಂಗ್ ಸಾಕು. ಮರುದಿನ ಬೆಳಿಗ್ಗೆಯ ತಿಂಡಿ ಎಂದಿನಂತೆ, ಎಂದಿನ ಹೊತ್ತಿಗೆ ಆಗಲಿ. ನಿಮ್ಮ ಮಟ್ಟಿಗೆ ಇಡೀ ಉತ್ತರದಲ್ಲಿ ಬಹಳ ಮುಖ್ಯವಾದ ಮಾತು ಇದೇ.

ಒಂದು ಎಚ್ಚರಿಕೆ. ಬೇಜಾರಿಗೆ ಸಿಕ್ಕಿದ್ದು ತಿನ್ನುವುದು ಪದೇಪದೇ ಆಗುತ್ತಿದ್ದರೆ, ನಿಲ್ಲಿಸಲು ಆಗುವುದೇ ಇಲ್ಲ ಅನ್ನಿಸಿದರೆ, ಕದ್ದು ತಿನ್ನುವಂತಾದರೆ ವೈದ್ಯರ ಬಳಿ ಮುಚ್ಚುಮರೆಯಿಲ್ಲದೆ ಹೇಳಿ. ಅದಕ್ಕೆ ಚಿಕಿತ್ಸೆಯಿದೆ.

ಪ್ರಶ್ನೆ: ನನಗೆ 58. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿದೆ. ತೂಕ ಇಳಿಸಲು ಡಾಕ್ಟರು ಹೇಳಿದ್ದಾರೆ. ಮುಂದಿನ ತಿಂಗಳು ಮೊಮ್ಮಗನ ಮೊದಲ ಹುಟ್ಟುಹಬ್ಬ, ಬಾಳೆಎಲೆ ಊಟ, ಹೋಳಿಗೆ. ಅವತ್ತು ಒಂದು ಮಾತ್ರೆ ಜಾಸ್ತಿ ತಗೊಂಡು ತಿನ್ನಬಹುದಾ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆ ಹೆಚ್ಚು ಕಡಿಮೆ ಮಾಡುವುದು ನಿಮ್ಮ ಡಾಕ್ಟರು ಮಾತ್ರ. ಗ್ಲಿಮೆಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತದೆ. ಫಂಕ್ಷನ್ನಿನಲ್ಲಿ ನಿಜವಾದ ಅಪಾಯ ಹೋಳಿಗೆಯಲ್ಲ, ತಡವಾಗುವ ಊಟ. ಆರತಿ, ಫೋಟೋ, ಕೇಕ್ ಕಟಿಂಗ್ ಮುಗಿದು ಎಲೆ ಹಾಕುವಾಗ ಎರಡೂವರೆ ಆಗಿರುತ್ತದೆ. ಬೆಳಗಿನ ತಿಂಡಿ ಬಿಡಬೇಡಿ, ಹನ್ನೊಂದೂವರೆಗೆ ಒಂದು ಬಟ್ಟಲು ಉಸಲಿಯೋ ಒಂದು ಲೋಟ ಮಜ್ಜಿಗೆ ಜೊತೆ ಎರಡು ಇಡ್ಲಿಯೋ ಇರಲಿ. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು ರಕ್ತದ ಸಕ್ಕರೆ ತೀರಾ ಇಳಿದ ಲಕ್ಷಣ; ಅವು ಕಂಡರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿ. ಕಡಿಮೆಯೇ ಇದ್ದರೆ ಮತ್ತೊಮ್ಮೆ ಅಷ್ಟೇ ಕುಡಿಯಿರಿ. ಸರಿಹೋದ ಮೇಲೆ ಊಟ ಮಾಡಿ. ಜೊತೆಯಲ್ಲಿರುವವರಿಗೂ ಇದು ಗೊತ್ತಿರಲಿ.

ಹೋಳಿಗೆ ತಿನ್ನಬಹುದು, ಒಂದು. ನಮ್ಮ ಎಲೆ ಊಟದ ಕ್ರಮವೇ ಇಲ್ಲಿ ನಿಮಗೆ ನೆರವಾಗುತ್ತದೆ. ಎಲೆಗೆ ಮೊದಲು ಬೀಳುವ ಹೆಸರುಬೇಳೆ ಕೋಸಂಬರಿ, ಪಲ್ಯಗಳನ್ನು ಮೊದಲೇ ಖಾಲಿ ಮಾಡಿ, ಕೋಸಂಬರಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ. ತರಕಾರಿ, ಬೇಳೆ ಮೊದಲು ಹೋದರೆ ಆಮೇಲೆ ತಿಂದ ಸಿಹಿಗೆ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ. ಹೋಳಿಗೆ ಹಾಕಿಸಿಕೊಂಡರೆ ಚಿತ್ರಾನ್ನ ಬಿಡಿ, ಅನ್ನ ಅರ್ಧ ಮಾಡಿ, ತುಪ್ಪ ಒಂದು ಚಮಚ. ಪಾಯಸ ಬೇಡ, ಹೋಳಿಗೆಗೆ ಹಾಲು ಹಾಕಿಸಿಕೊಳ್ಳುವುದಾದರೆ ಸಕ್ಕರೆ ಬೆರೆಸದ ಹಾಲು. ಉಂಡ ಮೇಲೆ ಮಲಗದೆ ಮೊಮ್ಮಗನನ್ನು ಎತ್ತಿಕೊಂಡು ಕಾಲು ಗಂಟೆ ಮೆಲ್ಲಗೆ ಓಡಾಡಿ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ, ತೂಕ ಜಾಸ್ತಿ. ನೆಂಟರು ‘ಡುಮ್ಮಿ’ ಅಂತಾರೆ. ಅವಳ ಬರ್ತ್‌ಡೇಗೆ ಈ ಸಲ ಕೇಕ್ ಬೇಡ ಅಂದುಕೊಂಡಿದ್ದೇವೆ. ಸರಿಯಾ?
– ತಾಯಿ, ಮೈಸೂರು

ಉತ್ತರ: ಕೇಕ್ ಇರಲಿ, ‘ಡುಮ್ಮಿ’ ಅನ್ನುವುದನ್ನು ಇವತ್ತೇ ನಿಲ್ಲಿಸಿ. ನೆಂಟರಿಗೆ ಮಗಳ ಎದುರಲ್ಲಿ ಅಲ್ಲ, ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿ. ಅಂಥ ಮಾತು ಕೇಳಿ ಬೆಳೆದ ಮಕ್ಕಳು ಸಣ್ಣಗಾಗುವುದಿಲ್ಲ, ಕದ್ದು ತಿನ್ನಲು ಕಲಿಯುತ್ತಾರೆ. ಬೇರೆ ಮಕ್ಕಳಿಗೆ ಕೇಕ್, ಇವಳಿಗೆ ಸೇಬು ಎಂದು ಪಂಕ್ತಿಭೇದ ಮಾಡಬೇಡಿ. ಎಲ್ಲ ಮಕ್ಕಳಿಗೂ ಒಂದೇ ತಟ್ಟೆ: ಒಂದು ತುಂಡು ಕೇಕು, ಚುರುಮುರಿ, ಸೌತೆಕಾಯಿ, ಕಲ್ಲಂಗಡಿ, ಕುಡಿಯಲು ನೀರು ಅಥವಾ ಮಜ್ಜಿಗೆ. ತಿನ್ನುವುದಕ್ಕೆ ಮುಂಚೆ ಒಂದು ಗಂಟೆ ಹೊರಗೆ ಲಗೋರಿ ಆಡಿಸಿ. ಅರ್ಧ ಕೆ.ಜಿ. ಸಾಕಾಗುವ ಕಡೆ ಎರಡು ಕೆ.ಜಿ. ಕೇಕ್ ತರಬೇಡಿ, ಫ್ರಿಜ್ಜಿನಲ್ಲಿ ಉಳಿದದ್ದು ವಾರವಿಡೀ ಖರ್ಚಾಗುತ್ತದೆ.

ಬೆಳೆಯುವ ಮಕ್ಕಳಲ್ಲಿ ಹೆಚ್ಚಾಗಿ ತೂಕ ಇಳಿಸುವುದಿಲ್ಲ, ಇದ್ದಷ್ಟಕ್ಕೇ ನಿಲ್ಲಿಸುತ್ತೇವೆ. ಎತ್ತರ ಬೆಳೆದಂತೆ ಅದು ಸರಿಹೋಗುತ್ತದೆ. ಅವಳ ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಗೆ ದಪ್ಪಗಾಗಿದ್ದರೆ, ರಾತ್ರಿ ಗೊರಕೆ ಜೋರಾಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಆ ಕಪ್ಪನ್ನು ಕೊಳೆ ಅಂದುಕೊಂಡು ತಿಕ್ಕಿ ತೊಳೆಯಬೇಡಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತಾಗಿರಬಹುದು.