ಮಾರೇ ಆಯ್ತು, ಬಾಖ್ ಆಯ್ತು. ವಯೋಲಾ ದ ಗಾಂಬಾದ ಅಪರೂಪದ ಬರೋಕ್ ಚೇಂಬರ್ ಸಂಗೀತ ಹುಡುಕುವುದು ಹೇಗೆ?

ಫ್ರಾನ್ಸಿನ ಗಾಂಬಾ ವಾದಕ ಮಾರೇನ ತುಣುಕುಗಳನ್ನೂ ಬಾಖ್‌ನ ಮೂರು ಸೊನಾಟಾಗಳನ್ನೂ ಕೇಳಿದ್ದೀರಿ. ಆಮೇಲೆ ಆ್ಯಪ್‌ನಲ್ಲಿ ಎಷ್ಟು ಹುಡುಕಿದರೂ ಅವೇ ತಿರುಗಿ ಬರುತ್ತಿವೆ ಎಂದು ಕೇಳಿದ್ದೀರಿ. ಇದರಲ್ಲಿ ಅರ್ಧ ತಪ್ಪು ಆ್ಯಪ್‌ನದು, ಇನ್ನರ್ಧ ಹುಡುಕುವ ಪದದ್ದು. ವಾದ್ಯದ ಹೆಸರು ಹಾಕಿದರೆ ಸೋಲೋ ಆಲ್ಬಂಗಳೇ ಮೇಲೆ ಬರುತ್ತವೆ. ಚೇಂಬರ್ ಸಂಗೀತದಲ್ಲಿ, ಅಂದರೆ ಕೆಲವೇ ಜನ ಸೇರಿ ನುಡಿಸುವ ಸಂಗೀತದಲ್ಲಿ, ಗಾಂಬಾ ಪಿಟೀಲಿನ ಪಕ್ಕದಲ್ಲಿ ಕೂತಿರುತ್ತದೆ, ಮುಖಪುಟದಲ್ಲಿ ಅದರ ಹೆಸರೇ ಇರುವುದಿಲ್ಲ. ಹಾಗಾಗಿ ವಾದ್ಯವನ್ನು ಬಿಟ್ಟು ಮೇಳದ ಜೋಡಣೆಯನ್ನು ಹುಡುಕಿ: ಒಂದು ಪಿಟೀಲು, ಒಂದು ಗಾಂಬಾ, ಒಂದು ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಕೀಬೋರ್ಡ್ ವಾದ್ಯ). ಊರು ಉತ್ತರ ಮತ್ತು ಮಧ್ಯ ಜರ್ಮನಿ, ಕಾಲ ಸುಮಾರು 1680ರಿಂದ 1700. ನನ್ನ ಮಟ್ಟಿಗೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಒಳ್ಳೆಯ, ಇಷ್ಟು ಕಡಿಮೆ ಕೇಳಿದ ಸಂಗೀತ ಬೇರೆಲ್ಲೂ ಸಿಗುವುದಿಲ್ಲ.

(ವಾದ್ಯ ಗೊತ್ತಿಲ್ಲದೆ ಓದುತ್ತಿರುವವರಿಗೆ: ಆರು ಅಥವಾ ಏಳು ತಂತಿ, ಕಾಲುಗಳ ನಡುವೆ ಹಿಡಿಯುವ ಒಡಲು, ಕುತ್ತಿಗೆಗೆ ಕರುಳಿನ ದಾರ ಸುತ್ತಿ ಕಟ್ಟಿದ ಮೆಟ್ಟಿಲುಗಳು. ಮೆಟ್ಟಿಲೂ ಕಮಾನೂ ಎರಡೂ ಇರುವುದಕ್ಕೆ ನಮ್ಮಲ್ಲಿ ದಿಲ್‌ರುಬಾವನ್ನು ನೆನೆಯಬಹುದು. ಅಂಗೈ ಮೇಲೆ ಮಾಡಿ ಕಮಾನು ಹಿಡಿಯುವುದರಿಂದ ಒತ್ತು ಬೀಳುವುದು ನೂಕುವಾಗ. ಪಿಟೀಲಿನಲ್ಲಿ ಅದು ಎಳೆಯುವಾಗ.)

ಮೊದಲು ಬುಕ್ಸ್‌ಟೆಹೂಡೆ. ಆರ್ಗನ್‌ಗೆ ಹೆಸರಾದವರು, ಆದರೆ ಬದುಕಿದ್ದಾಗ ಅಚ್ಚು ಹಾಕಿಸಿದ ಎರಡು ದೊಡ್ಡ ಸಂಗ್ರಹಗಳೂ ಗಾಂಬಾ ಇರುವ ಸೊನಾಟಾಗಳೇ: ಓಪಸ್ (ಪ್ರಕಟಿಸಿದ ಕ್ರಮದ ಸಂಖ್ಯೆ) 1 ಸುಮಾರು 1694ರಲ್ಲಿ, ಓಪಸ್ 2 1696ರಲ್ಲಿ, ಒಂದೊಂದರಲ್ಲಿ ಏಳು. ಓಪಸ್ 1ರ ಮುಖಪುಟದಲ್ಲಿ ‘ಏಳು ಸೊನಾಟಾ, ಆ ದೋಯಿ’ ಎಂದಿದೆ, ಅಂದರೆ ಇಬ್ಬರಿಗೆ. ಹೊಸಬರು ಎಡವುವುದು ಇಲ್ಲೇ. ಆ ಲೆಕ್ಕದಲ್ಲಿ ಕಂಟಿನುವೋ, ಅಂದರೆ ಬಾಸ್ ನೋಡಿ ಸ್ವರಮೇಳ ತುಂಬುವ ಹಾರ್ಪ್ಸಿಕಾರ್ಡ್, ಸೇರಿಲ್ಲ. ‘ಇಬ್ಬರಿಗೆ’ ಎಂದರೆ ನುಡಿಸುವವರು ಮೂವರು, ಬಿಡಿ ಪುಸ್ತಕಗಳೂ ಮೂರು. ಕ್ಯಾಟಲಾಗ್‌ನಲ್ಲಿ ‘ಟ್ರಿಯೋ’ ಎಂದೇ ಹುಡುಕಿದರೆ ಇಂಥವು ತಪ್ಪಿಹೋಗುತ್ತವೆ. ಅದೇ ಮುಖಪುಟದಲ್ಲಿ ವಾದ್ಯದ ಹೆಸರನ್ನು ಬಿಡಿಸದೆ ‘ವಿಯೋಲಾದಗಾಂಬಾ’ ಎಂದು ಒಂದೇ ಪದವಾಗಿ ಅಚ್ಚು ಹಾಕಿದ್ದಾರೆ. ಮೂರು ಪದ ಹಾಕಿದ ಹುಡುಕಾಟಕ್ಕೆ ಅದೂ ಸಿಗದು.

ಕೇಳಲು ಶುರುಮಾಡುವುದಾದರೆ ಓಪಸ್ 1ರ ನಾಲ್ಕನೆಯದು, ಬಿ ಫ್ಲಾಟ್ ಮೇಜರ್. ಮೊದಲ ಭಾಗದಲ್ಲಿ ಬಾಸ್ ಒಂದೇ ಚಿಕ್ಕ ಸಾಲನ್ನು ಮತ್ತೆ ಮತ್ತೆ ನುಡಿಸುತ್ತದೆ, ತಬಲಾ ಸೋಲೋಗೆ ಹಾರ್ಮೋನಿಯಂ ಕೊಡುವ ಲೆಹರಾದ ಹಾಗೆ. ಮೊದಲ ಸಲ ಪಿಟೀಲನ್ನೇ ಕಿವಿ ಹಿಡಿಯುತ್ತದೆ. ಎರಡನೇ ಸಲ ಅದನ್ನು ಬೇಕೆಂದೇ ಬಿಟ್ಟು ಗಾಂಬಾದ ಹಿಂದೆ ಹೋಗಿ: ಕೆಲವು ಕಡೆ ಬಾಸ್ ಸಾಲನ್ನೇ ಬಿಡಿಸಿ ಅಲಂಕರಿಸುತ್ತಿರುತ್ತದೆ, ಕೆಲವು ಕಡೆ ಅದನ್ನು ಕೈಬಿಟ್ಟು ಪಿಟೀಲಿಗೆ ಎದುರುತ್ತರ ಕೊಡುತ್ತದೆ. ಈ ಜಾರಾಟವೇ ಆ ಸೊನಾಟಾಗಳ ಜೀವ. ಫೋನಿನ ಸ್ಪೀಕರ್‌ನಲ್ಲಿ ಇದು ಕೇಳಿಸದು, ಹೆಡ್‌ಫೋನ್ ಬೇಕು.

ಅಲ್ಲಿಂದ ಮುಂದೆ ಅದೇ ಜೋಡಣೆಯಲ್ಲಿ ಯೋಹಾನ್ ಫಿಲಿಪ್ ಕ್ರೀಗರ್‌ನ ಓಪಸ್ 2 (1693, ಹನ್ನೆರಡು ಸೊನಾಟಾ) ಮತ್ತು ಫಿಲಿಪ್ ಹೈನ್ರಿಖ್ ಎರ್ಲೆಬಾಖ್‌ನ ಆರು ಸೊನಾಟಾ (1694). ಎರಡೂ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದವು. ಎರ್ಲೆಬಾಖ್‌ನ ಹೆಸರು ಯಾರಿಗೂ ಗೊತ್ತಿಲ್ಲದಿರುವುದಕ್ಕೆ ಕಾರಣವಿದೆ. ಅವನ ಹಸ್ತಪ್ರತಿಗಳಲ್ಲಿ ಬಹುಪಾಲು 1735ರಲ್ಲಿ ರುಡೊಲ್‌ಸ್ಟಾಟ್‌ನ ಅರಮನೆಗೆ ಬಿದ್ದ ಬೆಂಕಿಯಲ್ಲಿ ಹೋದವು. ಅಚ್ಚಾದದ್ದು ಉಳಿಯಿತು. ಎರಡು ಪಿಟೀಲು ಸೇರಿಸಿದ ದೊಡ್ಡ ಮೇಳ ಬೇಕಿದ್ದರೆ ಹ್ಯಾಂಬರ್ಗ್‌ನ ರೈಂಕೆನ್‌ನ ‘ಹೋರ್ಟುಸ್ ಮ್ಯೂಸಿಕುಸ್’. ಬಾಖ್ ಇದರಿಂದ ಎತ್ತಿಕೊಂಡು ಕೀಬೋರ್ಡ್‌ಗೆ ಹೊಂದಿಸಿದ ಕೃತಿಗಳಲ್ಲಿ ಎರಡು, ಬಿಡಬ್ಲ್ಯೂವಿ (ಬಾಖ್ ಕೃತಿಪಟ್ಟಿಯ ಸಂಖ್ಯೆ) 965 ಮತ್ತು 966. ಮೂಲವನ್ನೂ ರೂಪಾಂತರವನ್ನೂ ಒಂದರ ಹಿಂದೊಂದು ಕೇಳಿ.

ಹಸ್ತಪ್ರತಿಗಳಿಗೆ ಇಳಿಯುವುದಾದರೆ ಮೊದಲು ಉಪ್ಸಾಲಾ ವಿಶ್ವವಿದ್ಯಾಲಯದ ಡ್ಯೂಬೆನ್ ಸಂಗ್ರಹ. ಸ್ಟಾಕ್‌ಹೋಮ್ ಆಸ್ಥಾನದ ಸಂಗೀತ ನೋಡಿಕೊಳ್ಳುತ್ತಿದ್ದ ಮನೆತನದ ಗಂಟು ಇದು. 1732ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂತು, ಈಗ ಕ್ಯಾಟಲಾಗ್ ಸಮೇತ ಉಚಿತವಾಗಿ ತೆರೆದಿದೆ. ಬುಕ್ಸ್‌ಟೆಹೂಡೆಯ ಅಚ್ಚಾಗದ ಸೊನಾಟಾಗಳು ಅಲ್ಲೇ ಉಳಿದಿವೆ. ಬುಕ್ಸ್‌ಡಬ್ಲ್ಯೂವಿ (ಅವರ ಕೃತಿಪಟ್ಟಿಯ ಸಂಖ್ಯೆ) 267 ನೋಡಿ: ಗಾಂಬಾ, ಅದಕ್ಕಿಂತ ಕೆಳಗಿನ ವಿಯೋಲೋನೆ, ಕಂಟಿನುವೋ; ಪಿಟೀಲೇ ಇಲ್ಲ. 273ರಲ್ಲಿ ಮೇಲೆ ಹೇಳಿದ ಬಿ ಫ್ಲಾಟ್ ಸೊನಾಟಾದ ಹಳೆಯ ರೂಪವಿದೆ. 1680ರ ‘ಮೆಂಬ್ರಾ ಯೇಸು ನೊಸ್ಟ್ರಿ’ ಕೂಡ ಅಲ್ಲಿನದೇ. ಅದರ ಆರನೆಯ ಭಾಗದಲ್ಲಿ, ಹೃದಯದ ಬಗ್ಗೆ ಹಾಡುವಾಗ, ಪಿಟೀಲುಗಳು ಸುಮ್ಮನಾಗಿ ಐದು ಗಾಂಬಾಗಳು ಬರುತ್ತವೆ.

ಬೇರೆ ಗ್ರಂಥಾಲಯಗಳಿಗೆಲ್ಲ ಒಂದೇ ಬಾಗಿಲು, ಲೋಕದ ಗ್ರಂಥಾಲಯಗಳಲ್ಲಿರುವ ಹಳೆಯ ಸಂಗೀತವನ್ನು ಪಟ್ಟಿಮಾಡುವ ಆರ್‌ಐಎಸ್‌ಎಂನ ಉಚಿತ ಕ್ಯಾಟಲಾಗ್. ಹುಡುಕುವಾಗ ಭಾಷೆ ನೋಡಿಕೊಳ್ಳಿ. ಫ್ರೆಂಚ್‌ನಲ್ಲಿ ‘ವಿಯೋಲ್’, ‘ಬಾಸ್ ದ ವಿಯೋಲ್’ ಎಂದರೆ ಗಾಂಬಾ. ಪಿಟೀಲು ಜಾತಿಯ ವಯೋಲಾಗೆ ಅವರು ‘ಆಲ್ಟೋ’ ಎನ್ನುತ್ತಾರೆ. ಜರ್ಮನ್‌ನಲ್ಲಿ ‘ಗಾಂಬೆ’, ಹಳೆಯ ಇಂಗ್ಲಿಷ್‌ನಲ್ಲಿ ‘ವಯಲ್’, ‘ಬೇಸ್ ವಯಲ್’. ಬರೀ ‘ವಯೋಲಾ’ ಎಂದು ಹಾಕಿದರೆ ಕಸ ಬರುತ್ತದೆ. ಫಲಿತಾಂಶದಲ್ಲಿ ‘ಅಪೂರ್ಣ’ ಎಂದಿದೆಯೇ ಎಂಬುದನ್ನೂ ನೋಡಿ. ಆ ಕಾಲದಲ್ಲಿ ಎಲ್ಲರ ಸಾಲನ್ನೂ ಒಟ್ಟಿಗೆ ಬರೆದ ಸ್ಕೋರ್ ಸಾಮಾನ್ಯವಾಗಿ ಇರುತ್ತಿರಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಅದರಲ್ಲಿ ಒಂದು ಕಳೆದರೂ ಉಳಿದವು ನುಡಿಸಲು ಬರುವುದಿಲ್ಲ.

ಪಿಡಿಎಫ್ ಸಿಕ್ಕಿತೆನ್ನಿ. ಗಾಂಬಾ ನಿಜವಾಗಿ ಪಾಲುದಾರನೋ, ಬರೀ ಬಾಸ್‌ಗೆ ಬಲ ಕೊಡುವವನೋ? ಗಾಂಬಾದ ಪುಸ್ತಕವನ್ನೂ ಕಂಟಿನುವೋ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಮೊದಲ ಇಪ್ಪತ್ತು ಬಾರ್ ನೋಡಿ. ಸ್ವರಗಳು ಒಂದೇ ಆಗಿದ್ದು, ಉದ್ದಕ್ಕೂ ಬಾಸ್ ಕ್ಲೆಫ್ (ಕೆಳಗಿನ ಸ್ವರಗಳಿಗೆ ಸಾಲಿನ ಮೊದಲಲ್ಲಿ ಹಾಕುವ ಗುರುತು) ಮಾತ್ರ ಇದ್ದರೆ ಮುಂದಕ್ಕೆ ಹೋಗಿ. ಗಾಂಬಾದ ಸಾಲು ನಡುವೆ ಮೂರನೇ ಗೆರೆಯ ಸಿ ಕ್ಲೆಫ್‌ಗೆ ಏರಿ ಹದಿನಾರನೇ ಒಂದಂಶದ ಚುರುಕು ಸ್ವರಗಳಲ್ಲಿ ಓಡುತ್ತಿದ್ದರೆ ಸರಕು ಅಲ್ಲಿದೆ. ‘ಗಾಂಬಾ ಅಥವಾ ಚೆಲೋ’ ಎಂದು ಬರೆದ ಇತ್ತೀಚಿನ ಮುದ್ರಣವಾದರೆ ಅನುಮಾನವಿರಲಿ. ಕಮಾನಿನ ಗುರುತುಗಳನ್ನೂ ಜೋರು-ಮೆತ್ತಗೆ ಸೂಚನೆಗಳನ್ನೂ ಎಷ್ಟೋ ಸಲ ಸಂಪಾದಕರೇ ಸೇರಿಸಿರುತ್ತಾರೆ.

ಎರಡೇ ಗಾಂಬಾ, ಬೇರೇನೂ ಬೇಡ ಎನ್ನುವವರಿಗೆ ಆಮ್‌ಸ್ಟರ್‌ಡಾಮ್‌ನಲ್ಲಿ ಹುಟ್ಟಿದ ಯೋಹಾನ್ ಶೆಂಕ್‌ನ ಓಪಸ್ 8, ‘ಲೆ ನಿಂಫೆ ದಿ ರೇನೋ’. ಫ್ರಾನ್ಸ್ ಕಡೆಯಿಂದ ಒಂದೇ ಸಾಕು: ಜಾಕ್ ಮೊರೆಲ್‌ನ 1709ರ ಪುಸ್ತಕದ ಕೊನೆಯಲ್ಲಿ ಕೊಳಲು, ಗಾಂಬಾ, ಬಾಸ್‌ಗೆ ಬರೆದ ಶಾಕೋನ್ (ಒಂದೇ ಬಾಸ್ ಸಾಲು ಮರಳಿ ಮರಳಿ ಬರುವ ನೃತ್ಯರೂಪ). ಇಂಗ್ಲೆಂಡಿನ ಜೆಂಕಿನ್ಸ್, ಲಾಸ್ ಅವರ ಐದಾರು ವಯಲ್‌ಗಳ ಕಾನ್ಸಾರ್ಟ್ (ವಾದ್ಯಗುಂಪಿನ) ಸಂಗೀತ ಬೇರೆಯೇ ಲೋಕ, ಅದಕ್ಕೆ ಬೇರೆ ಉತ್ತರ ಬೇಕು.

ಕ್ಯಾಟಲಾಗ್‌ನಲ್ಲಿ ‘ಕಳೆದುಹೋಗಿದೆ’ ಎಂದಿದ್ದರೆ ಕೆಲವು ವರ್ಷ ಬಿಟ್ಟು ಮತ್ತೆ ನೋಡಿ. ಟೆಲೆಮಾನ್ 1735ರಲ್ಲಿ ಪ್ರಕಟಿಸಿದ ಹನ್ನೆರಡು ಗಾಂಬಾ ಫ್ಯಾಂಟಸಿಗಳನ್ನು ಎಲ್ಲರೂ ಕೈಬಿಟ್ಟಿದ್ದರು. ಓಸ್ನಾಬ್ರೂಕ್ ಬಳಿಯ ಲೇಡನ್‌ಬುರ್ಗ್ ಸಂಗ್ರಹದಲ್ಲಿ ಒಂದು ಪ್ರತಿ 2015ರಲ್ಲಿ ಗುರುತಿಗೆ ಸಿಕ್ಕಿತು, ಮರುವರ್ಷವೇ ಅಚ್ಚಾಯಿತು, ಥೋಮಾಸ್ ಫ್ರಿಟ್ಷ್ ಧ್ವನಿಮುದ್ರಿಸಿದರು. ಆ ಹನ್ನೆರಡೂ ಒಂಟಿ ಗಾಂಬಾಗೆ ಬರೆದವು. ಅದೇ ಗಂಟಿನಲ್ಲಿ ಆಬೆಲ್‌ನ ಗಾಂಬಾ ಸೊನಾಟಾಗಳೂ ಇದ್ದವು.

ಕೇಳುತ್ತಾ ಶ್ರುತಿಪೆಟ್ಟಿಗೆ ಹಚ್ಚುವವರು ಗಮನಿಸಿ: ಈ ಧ್ವನಿಮುದ್ರಣಗಳಲ್ಲಿ ‘ಎ’ ಸ್ವರ ಸಾಮಾನ್ಯವಾಗಿ 415 ಹರ್ಟ್ಸ್‌ಗೆ ಇರುತ್ತದೆ, ಇಂದಿನ 440ಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ. ಫ್ರೆಂಚ್ ಸಂಗೀತವಾದರೆ ಎಷ್ಟೋ ಸಲ 392, ಅಂದರೆ ಪೂರ್ತಿ ಒಂದು ಸ್ವರ ಕೆಳಗೆ.