ಯಾವ ಪಿಎಚ್‌ನಲ್ಲಿ ಅಂತ ಬರೆಯಲೇ ಇಲ್ವಲ್ಲ!

ನಮಸ್ಕಾರ.

ಉಡುಪಿಯಿಂದ ನೀವು ಕಳಿಸಿದ ಬೆಂಜೋಯಿಕ್ ಆಮ್ಲದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ವಿಷಯವೂ ಕನ್ನಡಕ್ಕೆ ಬೇಕಾದದ್ದೇ. ಆದರೆ ಎರಡು ವಾಕ್ಯಗಳನ್ನು ತಿದ್ದದೆ ಅಚ್ಚಿಗೆ ಕೊಡಲು ನನಗೆ ಮನಸ್ಸಿಲ್ಲ.

ಮೊದಲನೆಯದು: ‘ಪ್ಯಾರಾ ಜಾಗದಲ್ಲಿ ನೈಟ್ರೋ ಗುಂಪು ಕೂತರೆ ಪಿಕೆಎ 4.20ರಿಂದ 3.44ಕ್ಕೆ ತುಸು ಇಳಿಯುತ್ತದೆ.’ (ಪ್ಯಾರಾ ಅಂದರೆ ಬೆಂಜೀನ್ ಉಂಗುರದಲ್ಲಿ ಆಮ್ಲದ ಗುಂಪಿಗೆ ನೇರ ಎದುರಿನ ಜಾಗ.) ಈ ‘ತುಸು’ ಎಲ್ಲಿಂದ ಬಂತು? ಪಿಕೆಎ ಅಂದರೆ ಆಮ್ಲದ ಬಲದ ಅಳತೆ, ಅದು ಲಾಗ್ ಲೆಕ್ಕ. ಒಂದು ಇಳಿದರೆ ಆಮ್ಲ ಹತ್ತು ಪಟ್ಟು ಬಲವಾಯಿತು ಅಂತ ಅರ್ಥ. 0.76 ಇಳಿದರೆ ಹೆಚ್ಚುಕಡಿಮೆ ಆರು ಪಟ್ಟು. ನೈಟ್ರೋ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುತ್ತದೆ, ಹಾಗಾಗಿ ಪ್ರೋಟಾನ್ ಸುಲಭವಾಗಿ ಬಿಟ್ಟುಹೋಗುತ್ತದೆ. ಅದೇ ಜಾಗಕ್ಕೆ ಎಲೆಕ್ಟ್ರಾನ್ ಕೊಡುವ ಮೆಥಾಕ್ಸಿ ಗುಂಪು ಬಂದರೆ ಪಿಕೆಎ 4.47ಕ್ಕೆ ಏರುತ್ತದೆ. ರಸಾಯನ ವಿಜ್ಞಾನಿ ಹ್ಯಾಮೆಟ್ 1937ರಲ್ಲಿ, ಗುಂಪು ಬದಲಾದರೆ ಆಮ್ಲದ ಬಲ ಎಷ್ಟು ಬದಲಾಗುತ್ತದೆ ಅಂತ ಹೇಳುವ ತನ್ನ ಸಮೀಕರಣ ಕಟ್ಟಿದ್ದು ಇಂಥ ಏರಿಳಿತಗಳ ಮೇಲೆಯೇ. ನೀವು ‘ತುಸು’ ಅಂದ ಕೂಡಲೇ ಓದುಗರು ಇದನ್ನೆಲ್ಲ ದಾಟಿ ಮುಂದೆ ಹೋಗಿಬಿಡುತ್ತಾರೆ.

ಎರಡನೆಯದು ಇನ್ನೂ ಚುಚ್ಚಿತು: ‘ಬೆಂಜೋಯಿಕ್ ಆಮ್ಲ ನೀರಿಗಿಂತ ಆಕ್ಟನಾಲ್‌ನಲ್ಲೇ ಜಾಸ್ತಿ ಸೇರುತ್ತದೆ.’ ಆಕ್ಟನಾಲ್ ಅಂದರೆ ನೀರಿನೊಡನೆ ಬೆರೆಯದ ಎಣ್ಣೆಯಂಥ ದ್ರವ, ಸರಿ. ಆದರೆ ಯಾವ ಪಿಎಚ್‌ನಲ್ಲಿ, ಅಂದರೆ ನೀರು ಎಷ್ಟು ಆಮ್ಲೀಯವಾಗಿದ್ದಾಗ?

ಲ್ಯಾಬಿಗೆ ಸೇರಿದ ಹೊಸದರಲ್ಲಿ ನಾನೂ ಇಲ್ಲೇ ಜಾರಿದ್ದೆ. ಮಂಗಳೂರಿನ ಆಟಿ ಮಳೆ, ಕೈಗೆಲ್ಲ ಆಕ್ಟನಾಲ್ ವಾಸನೆ. ಸೆಪರೇಟಿಂಗ್ ಫನೆಲ್ ಅಲುಗಾಡಿಸಿ ಸ್ಟ್ಯಾಂಡಿಗೆ ಸಿಕ್ಕಿಸಿದೆ. ನಡುವಿನ ಬಿಳಿ ನೊರೆ ಒಡೆಯಲು ಬಹಳ ಹೊತ್ತು ಹಿಡಿಯಿತು. ಮೇಲೆ ಆಕ್ಟನಾಲ್, ಕೆಳಗೆ ನೀರು. ಎರಡರಲ್ಲೂ ಎಷ್ಟು ಆಮ್ಲ ಇದೆ ಅಂತ ಯುವಿ ಯಂತ್ರದಲ್ಲಿ ಅಳೆದು ನೋಡಿದರೆ ಆಮ್ಲ ಹೆಚ್ಚಿನಂಶ ನೀರಿನಲ್ಲೇ ಇತ್ತು! ಪುಸ್ತಕ ತಪ್ಪು ಅಂತಲೇ ಅಂದುಕೊಂಡೆ. ನಮ್ಮ ಮೇಷ್ಟ್ರು ನೋಟ್‌ಬುಕ್ ತಿರುವಿ ಒಂದೇ ಮಾತು ಕೇಳಿದರು: ‘ನೀರಿನ ಪಿಎಚ್ ಎಷ್ಟು ಮಾರಾಯ?’

ನಾನು ಬಳಸಿದ್ದು ಪಿಎಚ್ 7.2ರ ಫಾಸ್ಫೇಟ್ ಬಫರ್, ಅಂದರೆ ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ. ಅದು ಪಿಕೆಎ 4.20ಕ್ಕಿಂತ ಮೂರು ಹೆಚ್ಚು, ಹಾಗಾಗಿ ಅಲ್ಲಿ ಒಡೆಯದ, ಅಂದರೆ ಪ್ರೋಟಾನ್ ಬಿಡದ, ಒಂದು ಅಣುವಿಗೆ ಪ್ರೋಟಾನ್ ಬಿಟ್ಟ ಸಾವಿರ ಅಯಾನುಗಳಿರುತ್ತವೆ. ಅಯಾನು ಆಕ್ಟನಾಲ್ ಕಡೆ ತಿರುಗಿಯೂ ನೋಡುವುದಿಲ್ಲ. ಒಡೆಯದ ಆಮ್ಲದ ಲಾಗ್ ಪಿ (ಆಕ್ಟನಾಲ್-ನೀರಿನ ನಡುವಿನ ಹಂಚಿಕೆಯ ಲಾಗ್) 1.87, ಅಂದರೆ ಆಕ್ಟನಾಲ್‌ನಲ್ಲಿ 74 ಪಟ್ಟು. 7.2ರಲ್ಲಿ ಲೆಕ್ಕ ಹಾಕಿ ನೋಡಿ, ನೀರಿನಲ್ಲೇ ಸುಮಾರು 13 ಪಟ್ಟು ಜಾಸ್ತಿ. ಮರುದಿನ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 2ಕ್ಕೆ ಇಳಿಸಿದೆ. ಬೆಂಜೋಯಿಕ್ ಆಮ್ಲ ಹೆಚ್ಚುಕಡಿಮೆ ಪೂರ್ತಿ ಮೇಲಿನ ಪದರಕ್ಕೆ ಬಂತು. ಅಂದಿನಿಂದ ಪುಟದ ತಲೆಯಲ್ಲಿ ಮೊದಲು ಪಿಎಚ್, ಪಕ್ಕದಲ್ಲಿ ಉಷ್ಣತೆ ಬರೆಯದೆ ನಾನು ಫನೆಲ್ ಮುಟ್ಟಿದ್ದಿಲ್ಲ.

ನಿಮ್ಮ ಲೇಖನದಲ್ಲಿ ಪಿಕೆಎ ಒಂದು ಪುಟದಲ್ಲಿದೆ, ಆಕ್ಟನಾಲ್ ಇನ್ನೊಂದು ಪುಟದಲ್ಲಿ. ಎರಡನ್ನೂ ಒಂದೇ ಪ್ಯಾರಾಗ್ರಾಫಿಗೆ ತನ್ನಿ. ಅದನ್ನು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಜಾಗ ಇಟ್ಟಿದ್ದೇನೆ.