ಓದುಗರ ಪ್ರಶ್ನೆ: ಖಡಕಿಯ ಯೋಧರ ಸಮಾಧಿಗೆ ಹೋಗುವ ಮುನ್ನ

ಪ್ರಶ್ನೆ: ನಮ್ಮ ಅಜ್ಜನ ಅಣ್ಣ ಧಾರವಾಡದ ಕಡೆಯವರು. ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ, ಪುಣೆಯ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡರಂತೆ. ಅಲ್ಲಿನ ಖಡಕಿಯ ವಾರ್ ಸೆಮೆಟರಿಯಲ್ಲಿ ಅವರ ಸಮಾಧಿ ಸಿಗಬಹುದೇ?
– ಓದುಗರು, ಚಿಂಚವಾಡ

ಉತ್ತರ: ಅವರು ಹಿಂದೂ ಆಗಿದ್ದರೆ ಸಮಾಧಿ ಇರುವ ಸಂಭವ ಬಹಳ ಕಡಿಮೆ. ಹಿಂದೂ, ಸಿಖ್ ಸೈನಿಕರನ್ನು ಅವರವರ ಪದ್ಧತಿಯಂತೆ ದಹನ ಮಾಡುತ್ತಿದ್ದರು. ಉಳಿದದ್ದು ಹೆಸರು ಮಾತ್ರ. ಎರಡನೇ ಯುದ್ಧದಲ್ಲಿ ತೀರಿಕೊಂಡ ಅವಿಭಜಿತ ಭಾರತದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳು ದೆಹಲಿ ಮತ್ತು ಕರಾಚಿಯ ಯುದ್ಧ ಸ್ಮಾರಕಗಳ ದಾಖಲೆಯಲ್ಲಿವೆ. ಆದ್ದರಿಂದ ಖಡಕಿಗೆ ಹೊರಡುವ ಮೊದಲು ಹೆಸರು ಎಲ್ಲಿದೆ ಎಂದು ಮನೆಯಲ್ಲೇ ಕೂತು ಹುಡುಕಿ. ಯಾರನ್ನೂ ಕೇಳದೆ ಹೋಗಿ, ಸಾಲು ಸಾಲು ಕಲ್ಲು ಓದಿ, ಸಂಜೆ ಬರಿಗೈಲಿ ಮರಳುವವರನ್ನು ಕಂಡರೆ ಸಂಕಟವಾಗುತ್ತದೆ.

ಈ ಯೋಧರ ಸಮಾಧಿ, ದಾಖಲೆಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹುಡುಕಲು ದುಡ್ಡು ಕೊಡಬೇಕಿಲ್ಲ. ಸರ್ವಿಸ್ ನಂಬರ್ ಇದ್ದರೆ ಮೊದಲು ಅದನ್ನೇ ಹಾಕಿ. ಹಳೆಯ ಪಿಂಚಣಿ ಕಾಗದದಲ್ಲೋ, ಪದಕದ ಅಂಚಿನಲ್ಲೋ ಸಿಗಬಹುದು, ಟ್ರಂಕ್ ತೆಗೆದು ನೋಡಿ. ನಂಬರ್ ಇಲ್ಲದಿದ್ದರೆ ಕಷ್ಟ ಹೆಸರಿನದು. ನಮ್ಮ ಕಡೆಯ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ಹನುಮಂತಪ್ಪ ಎಂಬುದು ಹನ್ಮಂತ, ಹಣಮಂತ, ಹನುಮಂತ ಏನೂ ಆಗಿರಬಹುದು. ಮನೆತನದ ಹೆಸರು ಬಿಟ್ಟುಹೋಗಿ ಅಪ್ಪನ ಹೆಸರೇ ಅಡ್ಡಹೆಸರಿನ ಜಾಗದಲ್ಲಿ ಕೂತಿರಬಹುದು. ಅದಕ್ಕೇ ಒಂದೇ ಹೆಸರು ಹಾಕಿ, ಭಾರತೀಯ ಸೈನ್ಯ ಎಂದು ಆರಿಸಿ, ಇಸವಿಯಿಂದ ಸೋಸಿ. ಊರಿನ ಜಾಗದಲ್ಲಿ ಧಾರವಾಡ ಎಂದು ಇರುವುದಿಲ್ಲ, ‘ಧಾರ್ವಾರ್’ ಎಂದಿರುತ್ತದೆ. ಆಗ ಅದು ಮುಂಬೈ ಪ್ರಾಂತ್ಯದ ಜಿಲ್ಲೆ.

ಜ್ವರದಿಂದ ತೀರಿಕೊಂಡದ್ದು ಅಡ್ಡಿಯಲ್ಲ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ಸೇವೆಯಲ್ಲಿರುವಾಗ ಸತ್ತವರು, ಗುಂಡಿಗೆ ಸಿಕ್ಕಿರಲಿ ಕಾಯಿಲೆ ಬಿದ್ದಿರಲಿ, ಎಲ್ಲರೂ ದಾಖಲೆಗೆ ಸೇರುತ್ತಾರೆ. ಸೇವೆಯಿಂದ ಬಿಡುಗಡೆಯಾಗಿ ಮನೆಗೆ ಬಂದಮೇಲೆ ಸತ್ತಿದ್ದರೆ ಮಾತ್ರ ನಿಯಮ ಬಿಗಿಯಾಗುತ್ತದೆ.

ಹೆಸರು ಸಿಕ್ಕಿತೆಂದರೆ ಜೊತೆಗೆ ಒಂದು ಗುರುತೂ ಬರುತ್ತದೆ. ಸಮಾಧಿಯಾದರೆ ‘3. ಸಿ. 7’ ಎಂಬ ಬಗೆಯಲ್ಲಿರುತ್ತದೆ: ಮೊದಲನೆಯದು ಪ್ಲಾಟ್, ಆಮೇಲೆ ಸಾಲು, ಕೊನೆಯದು ಆ ಸಾಲಿನಲ್ಲಿ ಎಷ್ಟನೆಯದೆಂಬುದು. ಇದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಖಡಕಿಯಲ್ಲಿ ಎರಡನೇ ಯುದ್ಧದ 1,668 ಯೋಧರಿದ್ದಾರೆ. ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ಮುಂದೆ ನೋಡಿಕೊಳ್ಳುವವರಿಲ್ಲದ ಸಮಾಧಿಗಳನ್ನು ಒಂದೆಡೆ ತರಲೆಂದೇ ಆ ಜಾಗ ಮಾಡಿದ್ದು.

ಪ್ರಶ್ನೆ: ಮುಂಬೈಯ ಶಿವಡಿ ಸ್ಮಶಾನದಲ್ಲಿ ಮೊದಲ ಮಹಾಯುದ್ಧದ ಸೈನಿಕರ ಸಮಾಧಿಗಳಿದ್ದವೆಂದು ಕೇಳಿದ್ದೇನೆ. ಈಗಲೂ ಇವೆಯೇ?
– ಓದುಗರು, ಮಾಟುಂಗಾ

ಉತ್ತರ: 629 ಯೋಧರ ಅವಶೇಷಗಳನ್ನು 1962ರ ಜೂನ್‌ನಲ್ಲಿ ಶಿವಡಿಯಿಂದ ಖಡಕಿಗೆ ತಂದು ಮತ್ತೆ ಮಣ್ಣು ಮಾಡಿದರು. ಅವರ ಹೆಸರುಗಳು ಅಲ್ಲಿನ 1914–1918ರ ಸ್ಮಾರಕದಲ್ಲಿವೆ; ಅದರಲ್ಲಿ ಒಟ್ಟು 1,800ಕ್ಕೂ ಹೆಚ್ಚು ಹೆಸರುಗಳಿವೆ. ನೀವು ಹೋಗಬೇಕಾದ್ದು ಖಡಕಿಗೇ.

ಪ್ರಶ್ನೆ: ನಮ್ಮ ಕನ್ನಡ ಸಂಘದಿಂದ ಇಪ್ಪತ್ತೈದು ಜನ, ಮಕ್ಕಳೂ ಸೇರಿ, ನವೆಂಬರಿನಲ್ಲಿ ಖಡಕಿಗೆ ಹೋಗಬೇಕೆಂದಿದ್ದೇವೆ. ಕಲ್ಲು ತೊಳೆದು, ಕುಂಕುಮವಿಟ್ಟು, ಹಾರ ಹಾಕಬಹುದೇ?
– ಓದುಗರು, ಕೋಥ್ರೂಡ್

ಉತ್ತರ: ಹೂವು ಇಡಿ, ಉಳಿದದ್ದು ಬೇಡ. ನಿಮ್ಮ ಭಕ್ತಿ ದೊಡ್ಡದು, ಆದರೆ ಕಲ್ಲು ಎಲ್ಲವನ್ನೂ ಹೀರುತ್ತದೆ. ಎಣ್ಣೆ ಒಳಗಿಳಿದರೆ ಹೊರಬರುವುದಿಲ್ಲ, ಅದರ ಮೇಲೆ ಧೂಳು ಕೂತು ಕಪ್ಪಾಗುತ್ತದೆ. ಕುಂಕುಮದ ಬಣ್ಣ ಅಕ್ಷರಗಳ ಕೊರೆತದಲ್ಲಿ ನಿಂತುಬಿಡುತ್ತದೆ. ಚೆಂಡು ಹೂವಿನ ಹಾರ ಒಂದು ಮಳೆಗೆ ನೆನೆದರೆ ಕಂದು ಕಲೆ. ಸುಣ್ಣಕಲ್ಲಾಗಲಿ ಅಮೃತಶಿಲೆಯಾಗಲಿ ಹುಳಿಗೆ ಕರಗುತ್ತದೆ. ನಿಂಬೆ, ಹುಣಸೆ, ಬಾತ್‌ರೂಮ್ ಆ್ಯಸಿಡ್ ತಾಗಿದರೆ ಕಲ್ಲು ಬೆಳ್ಳಗೆ ಕಂಡು ಅಕ್ಷರ ಸವೆದಿರುತ್ತದೆ. ಕಂಚನ್ನು ಪೂಜೆಯ ಪಾತ್ರೆಯಂತೆ ಪೀತಾಂಬರಿ ಹಾಕಿ ಉಜ್ಜುವುದೂ ತಪ್ಪು. ಮೇಲಿನ ಕಪ್ಪು-ಹಸಿರು ಪದರವೇ ಕಂಚನ್ನು ಕಾಯುವುದು. ಶುಚಿ ಮಾಡುವ ಕೆಲಸ ಅಲ್ಲಿನ ಮಾಲಿಗಳಿಗೆ ಬಿಡಿ.

ಕಲ್ಲನ್ನು ಮೇಲಿನಿಂದ ಓದಿ: ರೆಜಿಮೆಂಟಿನ ಲಾಂಛನ, ನಂಬರ್, ಹುದ್ದೆ, ಹೆಸರು, ತುಕಡಿ, ತೀರಿಕೊಂಡ ದಿನ, ವಯಸ್ಸು. ತೀರಾ ಕೆಳಗೆ, ನೆಲಕ್ಕೆ ಹತ್ತಿರ, ಕೆಲವು ಕಲ್ಲುಗಳಲ್ಲಿ ಮಾತ್ರ, ಮನೆಯವರು ಆರಿಸಿ ಕಳಿಸಿದ ಒಂದು ಸಾಲು. ತಾಯಿಯದೋ ಹೆಂಡತಿಯದೋ ಮಾತು. ಹೂವನ್ನು ಕಲ್ಲಿಗೆ ಒರಗಿಸಿದರೆ ಮೊದಲು ಮುಚ್ಚಿಹೋಗುವುದು ಇದೇ. ಹಾಗಾಗಿ ಬಿಡಿ ಹೂಗಳನ್ನು ಒಂದು ಗೇಣು ಈಚೆಗಿಡಿ, ಬುಡದ ಗಿಡಗಳನ್ನು ತುಳಿಯದಂತೆ. ಪ್ಲಾಸ್ಟಿಕ್, ದಾರ, ಜರಿ ಬೇಡ. ಚಪ್ಪಲಿ ಬಿಡಬೇಕಿಲ್ಲ, ಸಾಲುಗಳ ನಡುವಿನ ಹುಲ್ಲಿನ ಮೇಲೆ ನಡೆಯಿರಿ.

ಮಕ್ಕಳಿಗೆ ಒಂದು ಕೆಲಸ ಕೊಡಿ: ಒಬ್ಬೊಬ್ಬರೂ ಒಂದು ಹೆಸರು, ವಯಸ್ಸು ಗಟ್ಟಿಯಾಗಿ ಓದಲಿ. ಇಪ್ಪತ್ತರ ಆಸುಪಾಸಿನ ವಯಸ್ಸು ಮತ್ತೆ ಮತ್ತೆ ಬರುವುದು ಅವರಿಗೇ ಕಾಣುತ್ತದೆ. ಮೊದಲ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ರ ಬೆಳಗಿನ 11ಕ್ಕೆ ಎರಡು ನಿಮಿಷ ಮೌನವಿರುವುದು ರೂಢಿ. ನವೆಂಬರಿನ ಎರಡನೇ ಭಾನುವಾರ ಅಧಿಕೃತ ಕಾರ್ಯಕ್ರಮವಿರಬಹುದು, ಅಂದು ಗುಂಪಾಗಿ ಹೋಗುವುದಾದರೆ ಮೊದಲೇ ವಿಚಾರಿಸಿ. ಖಡಕಿ ಕಂಟೋನ್ಮೆಂಟ್ ಊರು, ಎಲ್ಲರ ಬಳಿಯೂ ಗುರುತಿನ ಚೀಟಿ ಇರಲಿ. ಮನೆಯ ಹಿರಿಯರ ಪದಕ ತೊಡುವವರು ಬಲಗಡೆಯ ಎದೆಗೆ ಹಾಕಿಕೊಳ್ಳಿ. ಎಡಗಡೆ ಪದಕ ಗಳಿಸಿದವರದು.

ಪ್ರಶ್ನೆ: ಹಳೆಯ ಕಲ್ಲುಗಳ ಫೋಟೋ ತೆಗೆದರೆ ಅಕ್ಷರವೇ ಕಾಣುವುದಿಲ್ಲ. ಸೀಮೆಸುಣ್ಣ ಸವರಬಹುದೇ?
– ಓದುಗರು, ಡೊಂಬಿವಲಿ

ಉತ್ತರ: ಬೇಡ. ಹಿಟ್ಟು, ಶೇವಿಂಗ್ ಫೋಮ್ ಕೂಡ ಬೇಡ. ಎದುರಿನಿಂದ ಬೆಳಕು ಬಿದ್ದರೆ ಕೊರೆತದೊಳಗೆ ನೆರಳು ಬೀಳುವುದಿಲ್ಲ, ಅದಕ್ಕೇ ಅಕ್ಷರ ಮಾಯ. ಫ್ಲ್ಯಾಶ್ ಬಳಸಬೇಡಿ. ಬಿಸಿಲು ಪಕ್ಕದಿಂದ ಕಲ್ಲನ್ನು ಸವರಿಕೊಂಡು ಹೋಗುವ ಹೊತ್ತು ನೋಡಿ. ಆ ಹೊತ್ತು ಸಿಗದಿದ್ದರೆ ಇನ್ನೊಬ್ಬರು ಸಣ್ಣ ಕನ್ನಡಿ ಹಿಡಿದು ಓರೆಯಾಗಿ ಬೆಳಕು ಹಾಯಿಸಲಿ. ಮೋಡವಿದ್ದ ದಿನ ಮೊಬೈಲ್ ಟಾರ್ಚನ್ನು ಕಲ್ಲಿನ ಅಂಚಿಗೆ ಹತ್ತಿರ ಹಿಡಿದರೂ ಸಾಕು. ಕಲ್ಲಿನ ಚಿತ್ರದ ಜೊತೆ ಇಡೀ ಸಾಲಿನದೂ ಒಂದು ತೆಗೆಯಿರಿ. ಮುಂದಿನ ಸಲ ನಿಮ್ಮ ಮನೆಯಿಂದ ಬೇರೆ ಯಾರಾದರೂ ಹೋದರೆ ನೇರ ಅಲ್ಲಿಗೇ ಹೋಗಿ ನಿಲ್ಲಬಹುದು.